ಪಂಪ್ ಬಿಚ್ಚುವ ಮುನ್ನ ಟ್ಯಾಂಕ್ ಮುಚ್ಚಳ ತೆಗೆದು ನೋಡಿ

ಭರಣಿ ಮಳೆ ಬಿದ್ದ ಮರುದಿನ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಿಡುವಾಗಿರುವ ಟ್ರ್ಯಾಕ್ಟರ್ ಸಿಗುವುದು ಕಷ್ಟ. ತೆರಕಣಾಂಬಿ, ಬೇಗೂರು, ಹಂಗಳ, ಕಬ್ಬಹಳ್ಳಿ ಎಲ್ಲ ಕಡೆಯೂ ಹತ್ತಿಗೆ, ಸೂರ್ಯಕಾಂತಿಗೆ, ಜೋಳಕ್ಕೆ, ಚೆಂಡು ಹೂವಿಗೆ ಹೊಲ ಹಸನಾಗಬೇಕಾದದ್ದು ಹದ ಆರುವುದರೊಳಗೆ, ಅದೇ ನಾಲ್ಕು ದಿನದಲ್ಲಿ. ಬೇಸಿಗೆಯೆಲ್ಲ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಗಾಡಿ ಕೈಕೊಡುವುದೂ ಆಗಲೇ. ಎರಡು ಸಾಲು ಉಳುತ್ತದೆ, ಮೂರನೆಯದರಲ್ಲಿ ಸದ್ದು ಏರಿಳಿಯುತ್ತದೆ, ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬದುವಿನ ಮೇಲೆ ನಿಂತವರಲ್ಲಿ ಒಬ್ಬರಾದರೂ ಅಷ್ಟರಲ್ಲಿ 'ಪಂಪ್ ಹೋಗಿದೆ' ಎಂದು ತೀರ್ಪು ಕೊಟ್ಟಾಗಿರುತ್ತದೆ.

ಆ ತೀರ್ಪು ನಂಬಿ ಪಂಪ್ ಬಿಚ್ಚಿ ಮೈಸೂರಿನ ಬಸ್ಸಿಗೆ ಹಾಕಿದರೆ ಹದವೂ ಹೋಯಿತು, ದುಡ್ಡೂ ಹೋಯಿತು. ಡೀಸೆಲ್ ಪಂಪ್ ಅಷ್ಟು ಬೇಗ ತಾನಾಗಿ ಕೆಡುವ ವಸ್ತುವಲ್ಲ. ಅದರ ಬಾಯಿಗೆ ಡೀಸೆಲ್ ಬಾರದಿದ್ದಾಗ, ಇಲ್ಲವೇ ಡೀಸೆಲ್ ಜೊತೆ ಗಾಳಿ, ನೀರು, ಮಣ್ಣು ಬಂದಾಗ ಅದು ಕೆಲಸ ನಿಲ್ಲಿಸುತ್ತದೆ. ಅವು ಬರುವುದು ಪಂಪಿಗಿಂತ ಹಿಂದಿನ ದಾರಿಯಿಂದ. ಆ ದಾರಿ ನೋಡಿಕೊಳ್ಳಲು ಒಂದು ಜೊತೆ ಪಾನಾ, ಒಂದು ಶುದ್ಧ ಬಟ್ಟೆ, ಸ್ವಲ್ಪ ತಾಳ್ಮೆ ಸಾಕು.

ದಾರಿ ಹೀಗಿದೆ. ಟ್ಯಾಂಕಿನಿಂದ ಹೊರಟ ಡೀಸೆಲ್ ಕಾಕ್ ದಾಟಿ, ಕೊಳೆ ತಂಗುವ ಗಾಜಿನ ಬಟ್ಟಲಿದ್ದರೆ ಅದನ್ನು ಹಾದು, ಫೀಡ್ ಪಂಪಿಗೆ ಬರುತ್ತದೆ. ಫೀಡ್ ಪಂಪ್ ಅದನ್ನು ಫಿಲ್ಟರುಗಳ ಮೂಲಕ ದೊಡ್ಡ ಪಂಪಿಗೆ ದೂಡುತ್ತದೆ. ಇಲ್ಲಿಯವರೆಗಿನ ಒತ್ತಡ ತೀರಾ ಕಡಿಮೆ. ದೊಡ್ಡ ಪಂಪಿನಿಂದ ಮುಂದೆ ಉಕ್ಕಿನ ಸಣ್ಣ ಪೈಪುಗಳಲ್ಲಿ ನಾಜಲ್‌ವರೆಗೆ ಹೋಗುವ ಡೀಸೆಲ್ ಸುಮಾರು 200 ಬಾರ್ ಒತ್ತಡಕ್ಕೆ ಏರುತ್ತದೆ. ಹಳೆಯ ಮಾದರಿಯ ಇಂಜಿನ್‌ಗಳಲ್ಲೇ ಇಷ್ಟು. ಟ್ರ್ಯಾಕ್ಟರ್ ಟೈರಿನಲ್ಲಿರುವ ಗಾಳಿಯ ಒತ್ತಡ ಒಂದೆರಡು ಬಾರ್ ಅಷ್ಟೇ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ಟ್ಯಾಂಕಿನಿಂದ ದೊಡ್ಡ ಪಂಪಿನ ಬಾಯಿಯವರೆಗಿನದು ರೈತನ, ಡ್ರೈವರನ ಕೆಲಸ. ಅಲ್ಲಿಂದ ಮುಂದಿನದು ಕ್ಯಾಲಿಬ್ರೇಷನ್ ಅಂಗಡಿಯವರ ಕೆಲಸ. ಈ ಗೆರೆ ದಾಟದಿದ್ದರೆ ಅರ್ಧ ಖರ್ಚು ಉಳಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ದೊಡ್ಡ ಪಂಪನ್ನು ನಮ್ಮ ಕಡೆಯ ಮೆಕ್ಯಾನಿಕ್‌ಗಳು ಈಗಲೂ 'ಮೈಕೋ ಪಂಪ್' ಎನ್ನುತ್ತಾರೆ, ಯಾವ ಕಂಪನಿಯದಾದರೂ ಸರಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಕಂಪನಿ ಹುಟ್ಟಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಬೋರ್ಡು ಬದಲಾದರೂ ಗ್ಯಾರೇಜಿನ ಮಾತು ಬದಲಾಗಿಲ್ಲ.

ಮೊದಲು ಹೊಗೆ ನೋಡಿ

ಪಾನಾ ಹಿಡಿಯುವ ಮುನ್ನ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಸೆಲ್ಫ್ ಮೋಟರ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಆಮೇಲೆ ಒಂದರ ಬದಲು ಎರಡು ತೊಂದರೆ.

ಇಂಜಿನ್ ಚುರುಕಾಗಿ ತಿರುಗುತ್ತಿದ್ದರೂ ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದು ಸ್ಟಾರ್ಟ್ ಆಗದಿದ್ದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ: ಅದರಲ್ಲಿ ನೀರು ಸೇರಿರಬಹುದು, ಚಳಿಯ ಬೆಳಗಾಗಿರಬಹುದು, ಕಂಪ್ರೆಷನ್ ಇಳಿದಿರಬಹುದು. ಕಪ್ಪು ಹೊಗೆಗೆ ಡೀಸೆಲ್ ಕೊರತೆ ಕಾರಣವಲ್ಲ. ಏರ್ ಕ್ಲೀನರ್ ಕಟ್ಟಿಕೊಂಡಿದೆಯೋ, ನಾಜಲ್ ಸೋರುತ್ತಿದೆಯೋ ನೋಡಬೇಕು. ಕೆಮ್ಮಣ್ಣಿನ ಧೂಳು ಏಳುವ ಗುಂಡ್ಲುಪೇಟೆ ಹೊಲಗಳಲ್ಲಿ ಏರ್ ಕ್ಲೀನರ್‌ನಲ್ಲೇ ಕಾರಣ ಸಿಗುವುದು ಹೆಚ್ಚು.

ಇನ್ನೊಂದು ಸಣ್ಣ ಸಂಗತಿ. ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬ್ ಪೂರ್ತಿ ಹಿಂದಕ್ಕೆ ಹೋಗಿದೆಯೇ? ಅದರ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಂತರೆ ಪಂಪ್ ಡೀಸೆಲ್ ಬಿಡುವುದೇ ಇಲ್ಲ. ನಾಬ್ ನೋಡಿ ಸಮಾಧಾನಪಡಬೇಡಿ, ಪಂಪಿನ ಹತ್ತಿರ ಹೋಗಿ ಅದರ ಸಣ್ಣ ಲಿವರ್ ಹಿಂದಕ್ಕೆ ಬಂದಿದೆಯೇ ಎಂದು ಕೈಯಿಂದಲೇ ಅಲ್ಲಾಡಿಸಿ ನೋಡಿ. ಕೀ ತಿರುಗಿಸಿ ನಿಲ್ಲಿಸುವ ಗಾಡಿಗಳಲ್ಲಿ ಈ ಕೆಲಸ ಮಾಡುವುದು ಒಂದು ಸೊಲೆನಾಯ್ಡ್; ಕೀ ಹಾಕಿದಾಗ ಅಲ್ಲಿ 'ಟಕ್' ಎಂದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ವೈರು ನೋಡಿ.

ಟ್ಯಾಂಕಿನಲ್ಲಿ

ಸ್ಟಾರ್ಟ್ ಆಗಿ, ಕಾಲು ಗಂಟೆ ಚೆನ್ನಾಗಿ ಓಡಿ, ನಿಧಾನವಾಗಿ ಸೊರಗಿ ನಿಲ್ಲುವ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆಯಿರಿ. 'ಉಸ್' ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ ರೋಗ ಸಿಕ್ಕಿತು. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿನೊಳಕ್ಕೆ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿದೆ. ಗ್ರೀಸು, ಧೂಳು ಸೇರಿ ಅದು ಮುಚ್ಚಿಹೋಗಿರುತ್ತದೆ. ಮುಚ್ಚಳ ಕಳೆದುಹೋದಾಗ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಟ್ಯಾಂಕುಗಳೂ ಇದೇ ಕಾರಣಕ್ಕೆ ಇಂಜಿನ್ ನಿಲ್ಲಿಸುತ್ತವೆ. ಬಟ್ಟೆ ತುರುಕಿದರೆ ಗಾಳಿಯೇನೋ ಆಡುತ್ತದೆ, ಜೊತೆಗೆ ನೂಲೂ ಮಣ್ಣೂ ಒಳಗೆ ಇಳಿಯುತ್ತವೆ.

ಟ್ಯಾಂಕಿನ ತಳದ ಕೊಳೆ ಎರಡನೆಯ ಅನುಮಾನ. ಕಾಕ್ ಕೆಳಗಿನ ಪೈಪ್ ಕಳಚಿದರೆ ಡೀಸೆಲ್ ಧಾರೆಯಾಗಿ ಸುರಿಯಬೇಕು. ತೊಟ್ಟಿಕ್ಕಿದರೆ ಒಳಗೆ ಕಟ್ಟಿಕೊಂಡಿದೆ. ಮುಚ್ಚಳ ತೆಗೆದಿಟ್ಟು, ಕಳಚಿದ ಪೈಪಿನಿಂದ ಸೈಕಲ್ ಪಂಪಿನಲ್ಲಿ ಟ್ಯಾಂಕಿನ ಕಡೆಗೆ ಗಾಳಿ ಊದಿದರೆ ತಾತ್ಕಾಲಿಕವಾಗಿ ಬಿಡುತ್ತದೆ. ಆದರೆ ಆ ಕೊಳೆ ಎಲ್ಲಿಗೂ ಹೋಗಿರುವುದಿಲ್ಲ. ಉಳುಮೆ ಮುಗಿದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಲೇಬೇಕು. ಪೈಪಿಗೆ ಬಾಯಿ ಹಾಕಿ ಎಳೆಯುವವರನ್ನು ಪ್ರತಿ ಊರಿನಲ್ಲೂ ನೋಡುತ್ತೇವೆ. ದಯವಿಟ್ಟು ಬೇಡ. ಹೊಟ್ಟೆಗೆ ಹೋದ ಡೀಸೆಲ್‌ಗಿಂತ ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಅಪಾಯ. ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಇಳಿಜಾರಿನ ಲೆಕ್ಕವೂ ಇದೆ. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ, ಯಳಂದೂರು ಕಡೆಯಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವಾಗ ತಳದಲ್ಲಿ ನಾಲ್ಕು ಲೀಟರ್ ಇದ್ದರೆ ಅದು ಟ್ಯಾಂಕಿನ ಒಂದು ಮೂಲೆಗೆ ಸರಿದು, ಎಳೆಯುವ ಪೈಪ್ ಗಾಳಿ ಕುಡಿಯಬಹುದು. ಮುಳ್ಳು 'ಇದೆ' ಎಂದು ತೋರಿಸುತ್ತಲೇ ಇರುತ್ತದೆ. ಘಾಟಿ ಹತ್ತುವ ಗಾಡಿಗೆ ಅರ್ಧ ಟ್ಯಾಂಕಾದರೂ ಇರಲಿ.

ಸೋರದ ಸೋರಿಕೆ

ಹೆಚ್ಚು ಜನ ಎಡವುವುದು ಇಲ್ಲೇ. ಟ್ಯಾಂಕ್ ಕೆಳಗಿದ್ದು ಫೀಡ್ ಪಂಪ್ ಡೀಸೆಲ್ಲನ್ನು ಮೇಲಕ್ಕೆ ಎಳೆಯುವ ಗಾಡಿಗಳಲ್ಲಿ, ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನೊಳಗೆ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬಾರದೆ ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ತೊಟ್ಟೂ ಬಿದ್ದಿರುವುದಿಲ್ಲ. 'ಎಲ್ಲೂ ಲೀಕ್ ಇಲ್ಲ' ಎಂದು ಎಲ್ಲರೂ ಪ್ರಮಾಣ ಮಾಡುತ್ತಾರೆ, ಇಂಜಿನ್ ಮಾತ್ರ ದಿನಕ್ಕೊಮ್ಮೆ ಏರ್ ಹಿಡಿಯುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ತೆಗೆದುಕೊಂಡು, ಹಗಲಿನಲ್ಲಿ ಸರಿಯಾಗಿ ಸ್ಟಾರ್ಟ್ ಆಗುತ್ತಿದ್ದರೆ ಇದೇ ಕಾರಣವಿರಬಹುದು. ಸಣ್ಣ ಸಂದಿನಲ್ಲಿ ಗಾಳಿ ನುಸುಳಿ, ಪೈಪಿನಲ್ಲಿದ್ದ ಡೀಸೆಲ್ ರಾತ್ರಿಯಿಡೀ ಟ್ಯಾಂಕಿಗೆ ಹಿಂದಿರುಗಿರುತ್ತದೆ.

ಪತ್ತೆಗೆ ಒಳ್ಳೆಯ ಉಪಾಯವೊಂದಿದೆ. ಶುದ್ಧ ಡೀಸೆಲ್ ತುಂಬಿದ ಸಣ್ಣ ಕ್ಯಾನನ್ನು ಇಂಜಿನ್‌ಗಿಂತ ಎತ್ತರದಲ್ಲಿ, ಬಿಸಿ ಸೈಲೆನ್ಸರಿನಿಂದ ದೂರ ಭದ್ರವಾಗಿ ಕಟ್ಟಿ, ಅದರಿಂದ ಪಾರದರ್ಶಕ ಪೈಪನ್ನು ನೇರ ಫೀಡ್ ಪಂಪಿಗೆ ಕೊಡಿ. ಗಾಳಿ ತೆಗೆದು ಓಡಿಸಿ ನೋಡಿ. ಇಂಜಿನ್ ಸರಿಯಾಗಿ ಓಡಿತೇ? ಹಾಗಾದರೆ ತೊಂದರೆ ಟ್ಯಾಂಕ್ ಮತ್ತು ಅದರ ಪೈಪಿನಲ್ಲಿದೆ, ಮುಂದಿನದೆಲ್ಲ ಸರಿ. ಓಡಲಿಲ್ಲವೇ? ಟ್ಯಾಂಕ್ ಬಿಡಿ, ಮುಂದಕ್ಕೆ ಹೋಗಿ. ಅರ್ಧ ಗಂಟೆಯ ಈ ಪರೀಕ್ಷೆ ಮಾಡದೆ ಪಂಪಿಗೆ ಕೈ ಹಾಕುವ ಮೆಕ್ಯಾನಿಕ್ ಬಗ್ಗೆ ನನಗೆ ಸ್ವಲ್ಪ ಅನುಮಾನವೇ.

ಬಿಸಿಲಿಗೆ ಸೆಟೆದ ರಬ್ಬರ್ ಪೈಪ್, ಸಡಿಲವಾದ ಕ್ಲಿಪ್, ಒಂದೇ ತಾಮ್ರದ ವಾಷರನ್ನು ಐದನೇ ಸಲ ಬಿಗಿದಿರುವುದು, ಗಾಜಿನ ಬಟ್ಟಲಿನ ಹಳೆಯ ರಬ್ಬರ್ ರಿಂಗು: ಸಾಮಾನ್ಯವಾಗಿ ಸಿಗುವ ಅಪರಾಧಿಗಳು ಇವರೇ. ವಾಷರ್ ಬೆಲೆ ಹತ್ತಿಪ್ಪತ್ತು ರೂಪಾಯಿ. ಬಿಚ್ಚಿದ ಸಲವೆಲ್ಲ ಹೊಸದು ಹಾಕಿ.

ಫೀಡ್ ಪಂಪ್ ಡಯಾಫ್ರಂ ಮಾದರಿಯದಾದರೆ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ಕನ್ನೂ ಒಮ್ಮೆ ಎಳೆದು ನೋಡಿ. ಆಯಿಲ್ ಮಟ್ಟ ತಾನಾಗಿ ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಡಯಾಫ್ರಂ ಹರಿದು ಡೀಸೆಲ್ ಆಯಿಲ್‌ಗೆ ಇಳಿದಿರಬಹುದು. ಆಗ ಇಂಜಿನ್ ಓಡಿಸಲೇಬಾರದು. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಸುಟ್ಟುಹೋದರೆ ಅದರ ಮುಂದೆ ಪಂಪ್ ರಿಪೇರಿ ಏನೂ ಅಲ್ಲ.

ಏರ್ ತೆಗೆಯುವ ಕ್ರಮ

ಡೀಸೆಲ್ ಖಾಲಿಯಾಗಿ ನಿಂತ ಹಳೆಯ ಮಾದರಿಯ ಗಾಡಿಗೆ, ಫಿಲ್ಟರ್ ಬದಲಿಸಿದ ಗಾಡಿಗೆ ಸಾಮಾನ್ಯವಾಗಿ ಏರ್ ತೆಗೆಯಬೇಕಾಗುತ್ತದೆ. ಕ್ರಮ ಒಂದೇ: ಟ್ಯಾಂಕಿನಿಂದ ಶುರುಮಾಡಿ ಇಂಜಿನ್ ಕಡೆಗೆ. ತಲೆಕೆಳಗಾಗಿ ಮಾಡಿದರೆ ಸಂಜೆಯಾದರೂ ಮುಗಿಯುವುದಿಲ್ಲ.

ಫಿಲ್ಟರ್ ಸುತ್ತ ಮಣ್ಣು ಮೊದಲು ಒರೆಸಿ. ಟ್ಯಾಂಕಿಗೆ ಸಾಕಷ್ಟು ಡೀಸೆಲ್ ಹಾಕಿ ಕಾಕ್ ತೆರೆಯಿರಿ. ಮೊದಲ ಫಿಲ್ಟರಿನ ತಲೆಯ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ, ಕೈಪಂಪು ಬಿಟ್ಟ ಮೇಲಲ್ಲ. ಎರಡನೇ ಫಿಲ್ಟರಿಗೂ ಹೀಗೇ. ಆಮೇಲೆ ದೊಡ್ಡ ಪಂಪಿನ ಮೇಲಿನ ಏರ್ ಸ್ಕ್ರೂ. ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಎಳೆಯುವ ಕಡೆ ಸಂದಿದೆ ಎಂದರ್ಥ. ಹಿಂದಕ್ಕೆ ಹೋಗಿ ಪೈಪ್ ನೋಡಿ. ಕೈಪಂಪು ಒತ್ತಿದರೆ ಏನೂ ಬಾರದೆ ಸಡಿಲವಾಗಿ ಆಡುತ್ತಿದ್ದರೆ, ಕ್ಯಾಮ್ ಅದರ ಲಿವರನ್ನು ಎತ್ತಿ ಹಿಡಿದಿರಬಹುದು. ಇಂಜಿನ್ ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ.

ಇಷ್ಟಾದ ಮೇಲೆ ಹೆಚ್ಚಿನ ಗಾಡಿಗಳು ಸ್ಟಾರ್ಟ್ ಆಗುತ್ತವೆ. ಆಗದಿದ್ದರೆ ನಾಜಲ್ ಮೇಲಿನ ಪೈಪಿನ ನಟ್ಟುಗಳನ್ನು, ಹಳೆಯ ಮಾದರಿಯ ಇಂಜಿನ್ ಆದರೆ ಮಾತ್ರ, ಒಂದು ಸುತ್ತು ಸಡಿಲಿಸಿ, ಬಟ್ಟೆ ಸುತ್ತಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಲು ಶುರುವಾದ ಕೂಡಲೇ ನಿಲ್ಲಿಸಿ ಬಿಗಿಯಿರಿ. ಮುಖ, ಕೈ ದೂರವಿರಲಿ. ಬಿಗಿದಿರುವ ಪೈಪಿನ ಸಣ್ಣ ತೂತಿನಿಂದ, ಇಲ್ಲವೇ ಬಿಚ್ಚಿ ಹಿಡಿದ ನಾಜಲ್ ತುದಿಯಿಂದ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಇರದಿರಬಹುದು. ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯತೊಡಗಿ ಬೆರಳನ್ನೇ ಕಳೆದುಕೊಂಡವರಿದ್ದಾರೆ. ಅರಿಶಿನ ಹಚ್ಚಿ ಮನೆಯಲ್ಲಿ ಕೂರುವ ಗಾಯ ಅದಲ್ಲ. ಆಗಿಂದಾಗಲೇ ಚಾಮರಾಜನಗರದ ಸಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಿ, 'ಒತ್ತಡದ ಡೀಸೆಲ್ ಒಳಗೆ ಹೋಗಿದೆ' ಎಂದು ಬಿಡಿಸಿ ಹೇಳಬೇಕು.

ಕೆರೆ, ಕಾಲುವೆ ಬದಿಯ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಕೆಲಸ ಇನ್ನೂ ಹಗುರ. ಟ್ಯಾಂಕ್ ತಲೆಯ ಮೇಲೇ ಇರುವುದರಿಂದ ಡೀಸೆಲ್ ತಾನಾಗಿ ಇಳಿಯುತ್ತದೆ. ಫಿಲ್ಟರ್, ಪಂಪಿನ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ಹೋದ ಮೇಲೆ, ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುತ್ತಾ ಕಿವಿಗೊಡಿ. ನಾಜಲ್ 'ಕಿರ್ ಕಿರ್' ಎನ್ನಬೇಕು. ಆ ಸದ್ದು ಬಂದರೆ ಡೀಸೆಲ್ ಒಳಗೆ ಸಿಡಿಯುತ್ತಿದೆ. ಸದ್ದಿಲ್ಲದಿದ್ದರೆ ಇನ್ನೂ ಗಾಳಿ ಇದೆ, ಇಲ್ಲವೇ ನಾಜಲ್ ಹಿಡಿದುಕೊಂಡಿದೆ. ಹಳೆಯ ಮೆಕ್ಯಾನಿಕ್‌ಗಳು ಇಂಜಿನ್ ಮುಟ್ಟುವ ಮೊದಲು ಹ್ಯಾಂಡಲ್ ತಿರುಗಿಸಿ ತಲೆ ಓರೆ ಮಾಡಿ ನಿಲ್ಲುವುದು ಈ ಸದ್ದಿಗಾಗಿ.

ಭಾರ ಬಿದ್ದಾಗ ಸೊರಗುವುದು

ಖಾಲಿ ಓಡುವಾಗ ಚೆನ್ನಾಗಿದ್ದು, ರೋಟವೇಟರ್ ಮಣ್ಣಿಗಿಳಿದ ಕೂಡಲೇ, ಬಾಳೆಗೊನೆ ತುಂಬಿದ ಟ್ರೇಲರ್ ದಿಣ್ಣೆ ಹತ್ತುವಾಗ ಸೊರಗುವ ಗಾಡಿಯ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಹಲವು ಟ್ರ್ಯಾಕ್ಟರ್‌ಗಳಲ್ಲಿ ಪಕ್ಕಪಕ್ಕ ಎರಡು ಫಿಲ್ಟರ್ ಇರುತ್ತವೆ. ಎಷ್ಟು ಗಂಟೆಗೆ ಯಾವುದನ್ನು ಬದಲಿಸಬೇಕೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕ ಎಲ್ಲಿದೆ ಎಂದು ಕೇಳಬಾರದು ಅಷ್ಟೆ. ಪೇಪರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಬಿಡಿ. ತೊಳೆದಾಗ ಸೀಳಿದ ಕಾಗದ ಕೊಳೆಯನ್ನು ನೇರ ಪಂಪಿಗೆ ಕಳಿಸುತ್ತದೆ. ಬಾಡಿಗೆಗೆ ತಿರುಗುವ ಗಾಡಿಗಳದ್ದು ಬೇರೆ ಪಾಡು. ಹಲವು ಡ್ರೈವರುಗಳ ಕೈಯಲ್ಲಿ ಓಡುವ ಟ್ರ್ಯಾಕ್ಟರಿನ ಫಿಲ್ಟರ್ ಯಾರ ಹೊಣೆಯೂ ಆಗಿರುವುದಿಲ್ಲ. ಬದಲಿಸಿದ ದಿನದ ಮೀಟರ್ ಗಂಟೆಯನ್ನು ಫಿಲ್ಟರ್ ಮೇಲೇ ಪೇಂಟಿನಲ್ಲಿ ಬರೆದರೆ ಜಗಳ ತಪ್ಪುತ್ತದೆ.

ನೀರು

ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳ ಒಡಲಲ್ಲಿ ಕೂತಿರುವುದೂ ಇಂಥದೇ ಡೀಸೆಲ್ ಇಂಜಿನ್, ಡೀಸೆಲ್ ಹರಿಯುವ ದಾರಿಯೂ ಹೆಚ್ಚುಕಡಿಮೆ ಇದೇ. ಅಲ್ಲಿ ಸುತ್ತ ನೀರು, ಗಾಳಿಯಲ್ಲೂ ತೇವ, ಇಂಜಿನ್ ನಿಂತರೆ ನಡುಗಡಲಲ್ಲಿ ತೇಲಬೇಕು. ಹಾಗಾಗಿ ನೀರು ಬೇರ್ಪಡಿಸುವ ಬಟ್ಟಲು ಖಾಲಿ ಮಾಡುವುದು ಅಲ್ಲಿ ಉದಾಸೀನ ಮಾಡುವ ಕೆಲಸವಲ್ಲ. ಹೊಗೆನಕಲ್‌ನ ತೆಪ್ಪ ಬಿಟ್ಟರೆ ದೋಣಿಯ ಮಾತೇ ಅಪರೂಪವಾದ, ಮಳೆಯೂ ಕಡಿಮೆಯಿರುವ ನಮ್ಮ ಜಿಲ್ಲೆಯಲ್ಲಿ ಡೀಸೆಲ್‌ಗೆ ನೀರು ಎಲ್ಲಿಂದ ಎಂದು ಕೇಳುತ್ತಾರೆ. ಅರ್ಧ ಖಾಲಿಯಿರುವ ಟ್ಯಾಂಕಿನಿಂದ. ಹಗಲಿನ ಬಿಸಿಗೆ ಹಿಗ್ಗಿದ ಗಾಳಿ ರಾತ್ರಿ ತಣ್ಣಗಾಗಿ ಕುಗ್ಗುವಾಗ ಹೊರಗಿನ ತೇವ ಒಳಗೆ ಬರುತ್ತದೆ, ಗೋಡೆಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಬಂಡೀಪುರದ ಅಂಚಿನ ಊರುಗಳ ಚಳಿಗಾಲದಲ್ಲಿ ಇದು ಇನ್ನೂ ಹೆಚ್ಚು. ಕೆಲಸ ಮುಗಿಸಿದ ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ತೇವಕ್ಕೆ ಜಾಗವಿರುವುದಿಲ್ಲ. ನೀರು ನಿಂತಲ್ಲಿ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಕಪ್ಪು ಕೊಳೆ ಕಟ್ಟುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಫಿಲ್ಟರಿನಲ್ಲಿ ಸಿಗುವುದು ಅದು.

ಅನುಮಾನವಿದ್ದರೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಡ್ರಮ್ಮಿನಲ್ಲಿ ಡೀಸೆಲ್ ಇಡುವವರು ಡ್ರಮ್ಮನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ, ಎಳೆಯುವ ಪೈಪ್ ತಳ ಮುಟ್ಟದಂತೆ ನೋಡಿಕೊಳ್ಳಿ. ಸತು ಲೇಪಿಸಿದ ತಗಡಿನ ಡಬ್ಬಿ ಡೀಸೆಲ್‌ಗೆ ಬೇಡ; ಸತು ಡೀಸೆಲ್ ಜೊತೆ ಸೇರಿ ಆಗುವ ಅಂಟು ನಾಜಲ್‌ಗೆ ಕೂರುತ್ತದೆ. ಸೀಮೆಎಣ್ಣೆ ಬೆರೆಸಿದರೆ ಡೀಸೆಲ್‌ನ ಜಿಡ್ಡು ಇಳಿದು ಪಂಪಿನ ಒಳಭಾಗ ಸವೆಯುತ್ತದೆ. ಇನ್‌ಲೈನ್ ಪಂಪಿನ ಕ್ಯಾಮ್ ಭಾಗಕ್ಕೆ ಆಯಿಲ್ ಬೇರೆ ಇರುತ್ತದೆ, ರೋಟರಿ ಪಂಪಿಗೆ ಡೀಸೆಲ್ಲೇ ಆಯಿಲ್. ನೀರು, ಸೀಮೆಎಣ್ಣೆ ಎರಡನ್ನೂ ರೋಟರಿ ಕ್ಷಮಿಸುವುದಿಲ್ಲ.

ಚೆಕ್‌ಪೋಸ್ಟ್ ದಾಟುವ ಪಿಕಪ್‌ಗಳಿಗೆ

ಗುಂಡ್ಲುಪೇಟೆಯಿಂದ ತರಕಾರಿ ಹೊತ್ತು ವಯನಾಡಿಗೆ, ಊಟಿಗೆ ಹೋಗುವ ಪಿಕಪ್‌ಗಳದ್ದು ಗಡಿಯಾರದ ಜೊತೆ ಓಟ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಕಾಡಿನೊಳಗೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ, ಇಳಿದು ಏರ್ ತೆಗೆಯುತ್ತಾ ಕೂರುವುದಂತೂ ಆನೆಗಳ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಹಾಗಾಗಿ ನೋಡುವುದನ್ನೆಲ್ಲ ಕೇರಳದ ದಾರಿಯ ಮದ್ದೂರು ಚೆಕ್‌ಪೋಸ್ಟಿಗೆ, ಊಟಿ ದಾರಿಯ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿಗೆ ಮೊದಲೇ ನೋಡಿ ಮುಗಿಸಬೇಕು. ಚಾಮರಾಜನಗರದಿಂದ ಪುಣಜನೂರು ದಾಟಿ, 27 ತಿರುವುಗಳ ದಿಂಬಂ ಘಾಟಿ ಇಳಿಯುವವರಿಗೂ ಇದೇ ಮಾತು.

ಈಗಿನ ಪಿಕಪ್‌ಗಳು, 2023ರಿಂದೀಚೆಗೆ ಬಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳು ಹೆಚ್ಚಾಗಿ ಸಿಆರ್‌ಡಿಐ. ಅವುಗಳ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಮೇಲೆ ಹೇಳಿದ ನಾಜಲ್ ನಟ್ಟು ಸಡಿಲಿಸುವ ಕೆಲಸ ಅಲ್ಲಿ ಎಂದಿಗೂ ಕೂಡದು. ನಿಮ್ಮ ಕೈಗೆ ಉಳಿಯುವುದು ಮೂರೇ: ಟ್ಯಾಂಕ್ ಖಾಲಿಯಾಗಲು ಬಿಡದಿರುವುದು, ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹತ್ತಿದರೆ ಅಂದೇ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ನೀರು ಇಳಿಸುವುದು. ಬಂಕಿನಲ್ಲಿ ಅವಸರಕ್ಕೆ ಡೀಸೆಲ್ ಟ್ಯಾಂಕಿಗೆ ಪೆಟ್ರೋಲೋ ಯೂರಿಯಾ ದ್ರಾವಣವೋ ಬಿದ್ದರೆ ಕೀ ಕೂಡ ಹಾಕಬೇಡಿ. ತಳ್ಳಿಕೊಂಡು ಪಕ್ಕಕ್ಕೆ ಒಯ್ದು ಟ್ಯಾಂಕ್ ಖಾಲಿ ಮಾಡಿಸಿ.

ಎಲ್ಲ ನೋಡಿದ ಮೇಲೂ

ಟ್ಯಾಂಕ್, ಪೈಪ್, ಫೀಡ್ ಪಂಪ್, ಫಿಲ್ಟರ್ ಎಲ್ಲ ಸರಿಯಿದ್ದು, ಪಂಪಿನ ಬಾಯಿಗೆ ಗುಳ್ಳೆಯಿಲ್ಲದ ಡೀಸೆಲ್ ಧಾರಾಳವಾಗಿ ಬಂದೂ ಇಂಜಿನ್ ಸರಿಹೋಗದಿದ್ದರೆ ಆಗ ಕ್ಯಾಲಿಬ್ರೇಷನ್ ಅಂಗಡಿ. ಮೊದಲು ನಾಜಲ್‌ಗಳನ್ನು ಮಾತ್ರ ಒಯ್ಯಿರಿ. ಬಿಚ್ಚುವುದು ಸುಲಭ, ಖರ್ಚು ಕಡಿಮೆ, ಕೆಡುವುದೂ ಅವೇ ಹೆಚ್ಚು. ಕೈ ಟೆಸ್ಟರಿನಲ್ಲಿ ನಿಮ್ಮೆದುರೇ ಒತ್ತಿಸಿ ನೋಡಿ. ಡೀಸೆಲ್ ಮಂಜಿನಂತೆ ಸಮವಾಗಿ ಹರಡಬೇಕು. ಪಿಚಕಾರಿಯಂತೆ ಒಂದೇ ಧಾರೆಯಾದರೆ, ಒತ್ತಿ ನಿಲ್ಲಿಸಿದ ಮೇಲೂ ತುದಿಯಲ್ಲಿ ಹನಿ ಜೋತುಬಿದ್ದರೆ ಅದು ಕೆಟ್ಟಿದೆ. ಪಂಪನ್ನೇ ಬಿಚ್ಚಬೇಕಾಗಿ ಬಂದರೆ ಟೈಮಿಂಗ್ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿಕೊಂಡು ಬಿಚ್ಚಿಸಿ. ಬಿಚ್ಚಿದ ಬಾಯಿಗಳಿಗೆಲ್ಲ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಬೆಂಚಿನ ಮೇಲೆ ಪಂಪ್ ಮೊದಲು ಎಷ್ಟು ಡೀಸೆಲ್ ಕೊಡುತ್ತಿತ್ತು, ರಿಪೇರಿಯ ಮೇಲೆ ಎಷ್ಟು ಕೊಡುತ್ತಿದೆ ಎಂಬ ಲೆಕ್ಕವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಪಂಪ್ ವಾಪಸು ಕೂರಿಸುವ ಮುಂಚೆ ಟ್ಯಾಂಕ್ ತೊಳೆದು ಹೊಸ ಫಿಲ್ಟರ್ ಹಾಕಿರಬೇಕು, ಇಲ್ಲದಿದ್ದರೆ ಹಳೆಯ ಕೊಳೆಯೇ ರಿಪೇರಿಯಾದ ಪಂಪಿಗೂ ಹೋಗುತ್ತದೆ.